ಹಿಂದಿಯಲ್ಲಿ ನೋಡಿದ ಕನ್ನಡ ಚಿತ್ರ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೇನೆ. ಹತ್ತನೆಯ ತರಗತಿಯವರೆಗೆ ಮುಂಬಯಿಯ ಕನ್ನಡ ಶಾಲೆಯಲ್ಲೇ ಓದಿದ ನಾನು ‘ಕಾಂತಾರ’ವನ್ನು ಮೊದಲು ನೋಡಿದ್ದು ಹಿಂದಿಯಲ್ಲಿ!

ಆ ಚಿತ್ರ ಕನ್ನಡದಲ್ಲಿ ತೆರೆಕಂಡದ್ದು 2022ರ ಸೆಪ್ಟೆಂಬರ್ 30ರಂದು. ಹಿಂದಿ ಡಬ್ಬಿಂಗ್ ಬಂದದ್ದು ಅಕ್ಟೋಬರ್ 14ಕ್ಕೆ. ನಡುವೆ ಎರಡು ವಾರ ಇತ್ತು. ಆದರೆ ಕನ್ನಡದ ಆಟ ದೂರದ ಥಿಯೇಟರಿನಲ್ಲಿ, ಅದೂ ಬೆಳಿಗ್ಗೆ. ಗೆಳೆಯರು ಹಿಂದಿಗೆ ಹೊರಟರು, ನಾನೂ ಹೊರಟೆ.

ಕೊನೆಯಲ್ಲಿ ದೈವ ಕೂಗುವಾಗ ಮೈ ಜುಮ್ಮೆಂದಿತು. ಆ ಕೂಗಿಗೆ ಡಬ್ಬಿಂಗ್ ಬೇಕಿಲ್ಲ. ಆದರೆ ಊರಿನವರ ಬೈಗುಳ, ತಮಾಷೆ? ಹಿಂದಿಯಲ್ಲಿ ಅವರು ಯಾವ ಊರಿನವರೂ ಆಗಿರಲಿಲ್ಲ. ಆಮೇಲೆ ಫೋನಿನಲ್ಲಿ ಕನ್ನಡದ್ದು ನೋಡಿದೆ. ನಾವು ಧಾರವಾಡದ ಕಡೆಯವರು. ಕರಾವಳಿಯ ಕನ್ನಡ ನನಗೆ ಅರ್ಧಂಬರ್ಧ ತಿಳೀತು. ಆ ತಿಳಿಯದ ಅರ್ಧವೇ ಹೆಚ್ಚು ರುಚಿಸಿತು ಅಂದರೆ ನಂಬ್ತೀರಾ?

ರುಚಿ ಅಂದಾಗ ನೆನಪಾಯ್ತು. ಊರಿಗೆ ಹೋಗುವಾಗ ಕರ್ಜತ್‌ನಲ್ಲಿ, ಘಾಟಿ ಹತ್ತಲೆಂದು ರೈಲಿನ ಹಿಂದೆ ಇಂಜಿನ್ ಜೋಡಿಸ್ತಾರೆ. ಅಷ್ಟರೊಳಗೆ ಇಳಿದು ತಿನ್ನುವ ಬಿಸಿ ಬಟಾಟೆವಡೆಯ ಸುಖವೇ ಬೇರೆ. ಅದನ್ನೇ ಪೊಟ್ಟಣ ಕಟ್ಟಿಸಿ ಧಾರವಾಡಕ್ಕೆ ಒಯ್ದರೆ ಹೊಟ್ಟೆ ತುಂಬೀತು, ಅಷ್ಟೆ. ಡಬ್ಬಿಂಗ್ ಚಿತ್ರವೂ ಹಾಗೇ.

ಡಬ್ಬಿಂಗ್ ಬೇಡ ಅನ್ನುವವನಲ್ಲ ನಾನು. 2022ರಲ್ಲೇ ಬಂದ ‘ಕೆ.ಜಿ.ಎಫ್.’ ಎರಡನೆಯ ಭಾಗ ಹಿಂದಿಯಲ್ಲೂ ಇದ್ದದ್ದರಿಂದಲೇ ನನ್ನ ಮರಾಠಿ, ಗುಜರಾತಿ ಗೆಳೆಯರು ಅದನ್ನು ನೋಡಿದರು. ಅವರಿಗೆ ಅದು ಬೇಕು. ನಮಗೇಕೆ?

ಕಾಮರ್ಸ್ ಓದುವವನ ಲೆಕ್ಕ ಕೇಳಿ. ನನ್ನ ಟಿಕೆಟ್ಟಿನ ಹಣ ಹಿಂದಿಯ ಖಾತೆಗೆ ಜಮಾ ಆಯ್ತು. ಕನ್ನಡದ ಆಟದಲ್ಲಿ ಒಂದು ಕುರ್ಚಿ ಖಾಲಿ ಉಳೀತು. ಕುರ್ಚಿ ಖಾಲಿ ಉಳಿಯುವ ಆಟವನ್ನು ಯಾವ ವ್ಯಾಪಾರಿಯಾದರೂ ಎಷ್ಟು ದಿನ ನಡೆಸಿಯಾನು? ಆಮೇಲೆ “ಮುಂಬಯಿಯಲ್ಲಿ ಕನ್ನಡ ಚಿತ್ರ ಹಾಕೋದೇ ಇಲ್ಲ” ಅಂತ ಸಂಘದ ಸಭೆಯಲ್ಲಿ ಗೊಣಗುವವರೂ ನಾವೇ!

2025ರ ಅಕ್ಟೋಬರ್ 2ರಂದು ‘ಕಾಂತಾರ’ದ ಮೊದಲ ಅಧ್ಯಾಯ ಕನ್ನಡ, ಹಿಂದಿ ಎರಡರಲ್ಲೂ ಒಂದೇ ದಿನ ಬಂತು. ಈ ಸಲ ಅಪ್ಪ, ಅಮ್ಮನನ್ನು ಕರಕೊಂಡು, ಎರಡು ಲೋಕಲ್ ಬದಲಿಸಿ, ಕನ್ನಡದ ಆಟಕ್ಕೇ ಹೋದೆ. ಹಳೆಯ ಬಾಕಿ ಸ್ವಲ್ಪ ತೀರಿತು.

ಮುಂದಿನ ಕನ್ನಡ ಚಿತ್ರಕ್ಕೆ ನಾವು ಐದಾರು ಜನ ಕೂಡಿಯೇ ಹೋಗೋಣ. ಬೆಳಗಿನ ಆಟವಾದರೂ ಸರಿ. ಟಿಕೆಟ್ ಅವರವರದು, ಚಹಾ ನನ್ನದು.