ಒಂದೇ ಆವೇಶ, ಆದರೂ ಅಂಟು: ನೀರಿನ ಘಟಕಗಳ ಮುಂದಿರುವ ಒಗಟು

ಮಧುಗಿರಿ: ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಬಹುತೇಕ ಹಳ್ಳಿಗಳಿಗೆ ದಶಕಗಳಿಂದ ಕೊಳವೆಬಾವಿಯೇ ಗತಿ. ಅದರ ನೀರಿನೊಡನೆ ಬರುವ ಫ್ಲೋರೈಡ್ ಹಲ್ಲನ್ನು ಕಂದಾಗಿಸುತ್ತದೆ, ಮೂಳೆಯನ್ನು ಬಾಗಿಸುತ್ತದೆ. ಪಾವಗಡಕ್ಕಂತೂ ಇದು ಹಳೆಯ ಶಾಪ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬದಲಿ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿ.

ಇದಕ್ಕೆ ಸರ್ಕಾರ ಕಂಡುಕೊಂಡ ಉತ್ತರ, ನಾಣ್ಯ ಹಾಕಿದರೆ ಬಿಂದಿಗೆ ತುಂಬುವ ಶುದ್ಧ ಕುಡಿಯುವ ನೀರಿನ ಘಟಕ. ಅದರೊಳಗಿನ ರಿವರ್ಸ್ ಆಸ್ಮಾಸಿಸ್ ಪೊರೆಯ ಮೇಲ್ಮೈ ಸಾಮಾನ್ಯವಾಗಿ ಋಣ ಆವೇಶದ್ದು. ಫ್ಲೋರೈಡ್ ಕೂಡ ಋಣ ಆವೇಶದ್ದೇ. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ ಎಂಬ ಶಾಲೆಯ ಪಾಠ ಇಲ್ಲಿ ಜನರ ನೆರವಿಗೆ ಬರುತ್ತದೆ.

ಆದರೆ ಇದೇ ಪಾಠ ಮತ್ತೊಂದು ಕಡೆ ಕೈಕೊಡುತ್ತದೆ. ಕೊಳೆತ ಎಲೆ, ಮಣ್ಣಿನಿಂದ ನೀರಿಗೆ ಸೇರುವ ಹ್ಯೂಮಿಕ್ ಪದಾರ್ಥಗಳು ಋಣ ಆವೇಶವುಳ್ಳ ದೊಡ್ಡ ಅಣುಗಳು. ಪೊರೆಯಿಂದ ಅವು ದೂರ ಸರಿಯಬೇಕಿತ್ತು. ಬದಲಿಗೆ ಅಂಟಿಕೊಂಡು ಅದನ್ನು ಕಟ್ಟಿಸುತ್ತವೆ.

ಕಂಪ್ಯೂಟರ್ ನೀಡಿದ ಉತ್ತರ

ಅಯಾನುಗಳನ್ನು ಸರಾಸರಿ ಮೋಡದಂತೆ ಕಾಣುತ್ತಿದ್ದ ಹಳೆಯ ಸಿದ್ಧಾಂತಕ್ಕೆ ಇದು ನಿಲುಕುತ್ತಿರಲಿಲ್ಲ. ಒಂದೊಂದು ಅಯಾನನ್ನೂ ಪ್ರತ್ಯೇಕವಾಗಿ ಚಲಿಸಲು ಬಿಟ್ಟು ಲೆಕ್ಕ ಹಾಕುವ ಮಾಂಟೆ ಕಾರ್ಲೊ ವಿಧಾನದಿಂದ, ಎರಡು ಧನ ಆವೇಶದ ಅಯಾನುಗಳು ನಡುವೆ ಇದ್ದರೆ ಋಣ ಮೇಲ್ಮೈಗಳೂ ಪರಸ್ಪರ ಆಕರ್ಷಿಸಬಲ್ಲವೆಂದು ಸ್ವೀಡನ್ನಿನ ಸಂಶೋಧಕರು 1984ರಲ್ಲಿ ತೋರಿಸಿದರು. ಪಾಲಿಮರನ್ನು ಆವೇಶದ ಮಣಿಗಳ ಸರವೆಂದು ಭಾವಿಸಿ ನಡೆಸುವ ಇಂದಿನ ಅನುಕರಣೆಗಳು ಇದೇ ಹಾದಿಯವು. ನೀರನ್ನು ಗಡಸಾಗಿಸುವ ಕ್ಯಾಲ್ಸಿಯಂ ಅಂತಹ ಅಯಾನು. ಅಣುವಿಗೂ ಪೊರೆಗೂ ಅದು ಸೇತುವೆಯಾಗುತ್ತದೆ. ಕ್ಯಾಲ್ಸಿಯಂ ಹೆಚ್ಚಿದಂತೆ ಪೊರೆ ಬೇಗ ಕಟ್ಟುವುದನ್ನು ಅಮೆರಿಕದ ಮೆನಾಹೆಮ್ ಎಲಿಮೆಲೆಕ್ ಮತ್ತು ಸಂಗಡಿಗರ ಪ್ರಯೋಗ 1997ರಲ್ಲಿ ದಾಖಲಿಸಿತು.

ಊರಿಗೆ ಏನು ಲಾಭ?

ಪೊರೆ ಕಟ್ಟಲು ಕಾರಣ ಇದೊಂದೇ ಅಲ್ಲ. ಸುಣ್ಣದ ಹೊರೆ, ಸಿಲಿಕಾ, ಸೂಕ್ಷ್ಮಜೀವಿಗಳ ಪದರವೂ ಇವೆ. ಆಳದ ಕೊಳವೆಬಾವಿಯಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ಕಡಿಮೆ. ಕೆರೆ, ನದಿ ನೀರಿನಲ್ಲಿ ಹೆಚ್ಚು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಗೊಂಡ ಎತ್ತಿನಹೊಳೆ ಯೋಜನೆ ಕೊರಟಗೆರೆ, ಮಧುಗಿರಿಗಳನ್ನೂ, ಭದ್ರಾ ಮೇಲ್ದಂಡೆ ಯೋಜನೆ ಶಿರಾ, ಪಾವಗಡಗಳನ್ನೂ ಗುರಿಯಾಗಿಸಿಕೊಂಡಿವೆ. ಗಡಸು ಅಂತರ್ಜಲದೊಡನೆ ಕೆರೆಯ ನೀರು ಬೆರೆತು ಘಟಕಕ್ಕೆ ಬಂದರೆ ಸೇತುವೆಗೆ ಬೇಕಾದ ಎರಡೂ ದಡ ಸಿದ್ಧವಾದಂತೆ.

ಪರಿಹಾರವೂ ಕಾರಣವನ್ನೇ ಅವಲಂಬಿಸಿದೆ. ಸುಣ್ಣದ ಹೊರೆಗೆ ಆಮ್ಲದ ತೊಳೆತ ಸಾಕು. ಸಾವಯವ ಪದರಕ್ಕೆ ಕ್ಷಾರದೊಡನೆ, ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುವ ಇಡಿಟಿಎಯಂತಹ ರಾಸಾಯನಿಕ ಬೇಕು. ರೋಗ ತಿಳಿಯದೆ ಮದ್ದು ಕೊಟ್ಟರೆ ಉಳಿಸಬಹುದಾಗಿದ್ದ ಪೊರೆಯೂ ಗುಜರಿ ಸೇರುತ್ತದೆ, ಘಟಕಕ್ಕೆ ಬೀಗ ಬೀಳುತ್ತದೆ.

ಇಂತಹ ಅನುಕರಣೆಗೆ ಬೇಕಾದ ಗಣನ ಶಕ್ತಿ ರಾಜ್ಯದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಆದರೆ ಕಂಪ್ಯೂಟರಿಗೂ ಊರಿನ ನೀರಿನ ಲೆಕ್ಕ ಬೇಕು. ಪರೀಕ್ಷೆ ಫ್ಲೋರೈಡ್‌ಗೆ ನಿಲ್ಲದೆ ಗಡಸುತನ, ಸಾವಯವ ಇಂಗಾಲ, ಸಿಲಿಕಾಗಳನ್ನೂ ಒಳಗೊಳ್ಳಬೇಕು. ನಿರ್ವಹಣೆಯ ಗುತ್ತಿಗೆಯಲ್ಲೇ ಈ ಷರತ್ತು ಇರಬೇಕು. ಘಟಕ ಕೆಟ್ಟ ದಿನ ಜನ ಮರಳುವುದು ಅದೇ ಫ್ಲೋರೈಡ್ ನೀರಿಗೆ ಎಂಬುದನ್ನು ಆಡಳಿತ ಮರೆಯುವಂತಿಲ್ಲ.