ಇರುವ ಕ್ಷೇತ್ರವೋ, ಇಟ್ಟುಕೊಂಡ ಲೆಕ್ಕವೋ

ದ್ವಿತೀಯ ಪಿಯುಸಿ ಭೌತಶಾಸ್ತ್ರ ಶುರುವಾಗುವುದೇ ವಿದ್ಯುದಾವೇಶಗಳಿಂದ. ಕೆಲವು ಪುಟ ದಾಟುವಷ್ಟರಲ್ಲಿ ಕೂಲಂಬನ ನಿಯಮ ಸಿಗುತ್ತದೆ: ಎರಡು ಆವೇಶಗಳ ನಡುವಿನ ಬಲ ಅವುಗಳ ಗುಣಲಬ್ಧದಂತೆ ಏರುತ್ತದೆ, ದೂರದ ವರ್ಗದಂತೆ ಇಳಿಯುತ್ತದೆ. ಇನ್ನು ಬೇಕಾದ್ದನ್ನೆಲ್ಲ ಕೂಡಿಸಿ ಕಳೆದು ಪಡೆಯಬಹುದು ಎನ್ನುವಾಗಲೇ ‘ವಿದ್ಯುತ್ ಕ್ಷೇತ್ರ’ ಎದುರಾಗುತ್ತದೆ. ಒಂದು ಜಾಗದಲ್ಲಿ ಸಣ್ಣ ಆವೇಶವನ್ನಿಟ್ಟು, ಅದರ ಮೇಲಿನ ಬಲವನ್ನು ಆ ಆವೇಶದಿಂದ ಭಾಗಿಸಿದರೆ ಬರುವುದೇ ಕ್ಷೇತ್ರವಂತೆ. ಮುಂದಿನ ಲೆಕ್ಕದಲ್ಲಿ ಅದನ್ನೇ ಇನ್ನೊಂದು ಆವೇಶದಿಂದ ಗುಣಿಸಿ ಬಲ ಪಡೆಯುತ್ತೇವೆ. ಮೊದಲು ಭಾಗಿಸಿ ಆಮೇಲೆ ಗುಣಿಸುವುದಾದರೆ ನಡುವೆ ಈ ಕ್ಷೇತ್ರ ಬಂದದ್ದಾದರೂ ಯಾಕೆ? ಅದು ನಿಜವಾಗಿ ಅಲ್ಲಿದೆಯೇ, ಅಥವಾ ಲೆಕ್ಕದ ಅನುಕೂಲಕ್ಕೆ ನಾವು ಇಟ್ಟುಕೊಂಡದ್ದೇ?

ಈ ಸಂಶಯ ಬಂದ ವಿದ್ಯಾರ್ಥಿಯನ್ನು ‘ಸುಮ್ಮನೆ ಬರೆದುಕೋ’ ಎಂದು ಕೂರಿಸುವುದು ತಪ್ಪು ಎಂಬುದು ನನ್ನ ವಾದ. ಆವೇಶಗಳು ಕದಲದೆ ಕುಳಿತಿರುವಷ್ಟು ಹೊತ್ತು ಈ ಪ್ರಶ್ನೆ ಇತ್ಯರ್ಥವಾಗುವುದಿಲ್ಲ. ಮೊದಲ ಅಧ್ಯಾಯದಲ್ಲಿ ಕೇಳಿದ್ದಕ್ಕೆ ಉತ್ತರ ಸಿಗುವುದು ಬಹಳ ಮುಂದೆ, ಆವೇಶಗಳು ಚಲಿಸತೊಡಗಿದ ಮೇಲೆ.

ಕೂಲಂಬ್ 1785ರಲ್ಲಿ ಮಾಡಿದ್ದನ್ನು ನೋಡಿ. ಸಪೂರ ಬೆಳ್ಳಿತಂತಿಗೆ ಒಂದು ಕಡ್ಡಿ, ಅದರ ತುದಿಗೆ ಬೆಂಡಿನ ಪುಟ್ಟ ಗುಂಡು, ಎದುರಿಗೆ ಕದಲದಂತೆ ನಿಲ್ಲಿಸಿದ ಇನ್ನೊಂದು ಗುಂಡು. ಎರಡಕ್ಕೂ ಒಂದೇ ಬಗೆಯ ಆವೇಶ ಕೊಟ್ಟಾಗ ಅವು 36 ಡಿಗ್ರಿ ದೂರ ಸರಿದು ನಿಂತವು. ತಂತಿಯನ್ನು ಮೇಲಿನಿಂದ ತಿರುಚಿ ಅವನ್ನು 18 ಡಿಗ್ರಿಗೆ ತಂದಾಗ ತಂತಿಯ ಒಟ್ಟು ತಿರುಚು 144 ಡಿಗ್ರಿ. ಎಂಟೂವರೆ ಡಿಗ್ರಿಗೆ ತರಲು 575.5 ಡಿಗ್ರಿ ಬೇಕಾಯಿತು. ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿದಂತೆಲ್ಲ ಬಲ ಹೆಚ್ಚುಕಡಿಮೆ ನಾಲ್ಕು ಪಟ್ಟು. ವಿಕರ್ಷಣೆಗೆ ಅವನು ಮುಂದಿಟ್ಟ ಅಳತೆಗಳು ಈ ಮೂರೇ. ಇಂದು ಪ್ರಾಜೆಕ್ಟ್ ವರದಿಯಲ್ಲಿ ಮೂರು ಬಿಂದುಗಳ ನಕ್ಷೆ ಕೊಟ್ಟರೆ ಯಾವ ಮೇಷ್ಟರೂ ಸಹಿ ಹಾಕಲಾರರು! ಆದರೂ ನಿಯಮ ಗಟ್ಟಿಯಾಗಿ ನಿಂತಿತು. ಟೊಳ್ಳು ವಾಹಕದ ಒಳಗೆ ಆವೇಶದ ಪರಿಣಾಮ ಕಾಣಿಸುತ್ತದೆಯೇ ಎಂದು ಹುಡುಕುವ, ಕ್ಯಾವೆಂಡಿಶ್ ಮೊದಲು ಹಿಡಿದ ದಾರಿಯಲ್ಲೇ ನಡೆದ 1971ರ ಪ್ರಯೋಗ, ಘಾತ ಎರಡೇ ಎಂಬುದನ್ನು ದಶಮಾಂಶದ ಸುಮಾರು 15ನೇ ಸ್ಥಾನದವರೆಗೆ ಖಚಿತಪಡಿಸಿತು.

ಇಷ್ಟಾದರೂ ಎರಡು ಗುಂಡುಗಳ ನಡುವಿನ ಖಾಲಿ ಜಾಗದಲ್ಲಿ ಏನಿದೆ ಎಂಬ ಬಗ್ಗೆ ಈ ನಿಯಮ ತುಟಿ ಪಿಟಕ್ಕೆನ್ನುವುದಿಲ್ಲ. ಗುರುತ್ವದ ವಿಷಯದಲ್ಲಿ ಇದೇ ಮೌನ ನ್ಯೂಟನ್ನನನ್ನು ಕಾಡಿತ್ತು. ನಡುವೆ ಏನೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದನ್ನು ಎಳೆಯುತ್ತದೆ ಎಂಬುದು ಶುದ್ಧ ಅಸಂಬದ್ಧ ಎಂದು ಅವನು 1693ರಲ್ಲಿ ಬೆಂಟ್ಲಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಲೆಕ್ಕ ಸರಿ ಬರುತ್ತಿತ್ತು, ಹಾಗಾಗಿ ಮುಂದಿನವರು ಈ ಅಸಮಾಧಾನವನ್ನು ಬದಿಗಿಟ್ಟರು.

ಬದಿಗಿಡಲು ಒಪ್ಪದವನು ಫ್ಯಾರಡೆ. ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತು ಬಂದ ಅವನಿಗೆ ಗಣಿತ ಅಷ್ಟಾಗಿ ಬರುತ್ತಿರಲಿಲ್ಲ, ಆದ್ದರಿಂದ ಸೂತ್ರದ ಬದಲು ಜಾಗವನ್ನೇ ನೋಡುವ ರೂಢಿ ಬೆಳೆದಿತ್ತು. 1837ರಲ್ಲಿ ಅವನು ಎರಡು ವಾಹಕಗಳ ನಡುವೆ ಗಾಜು, ಗಂಧಕ, ಅರಗು ಇಟ್ಟು ನೋಡಿದ. ಇಟ್ಟ ವಸ್ತು ಬದಲಾದಂತೆ ವಾಹಕ ಹಿಡಿದಿಟ್ಟುಕೊಳ್ಳುವ ಆವೇಶವೂ ಬದಲಾಯಿತು. ನಡುವಿನ ಜಾಗಕ್ಕೂ ಇದರಲ್ಲಿ ಪಾಲಿದೆ ಎಂದು ಅವನಿಗೆ ಖಾತ್ರಿಯಾಯಿತು. ಆದರೆ ಎದುರುಪಕ್ಷದವರು ಇದಕ್ಕೆಲ್ಲ ಸೋಲಬೇಕಿರಲಿಲ್ಲ. ಗಾಜಿನೊಳಗೂ ಆವೇಶಗಳಿವೆ, ಅವು ಸ್ವಲ್ಪ ಆಚೀಚೆ ಸರಿಯುತ್ತವೆ, ಅವಕ್ಕೂ ಕೂಲಂಬನ ನಿಯಮವನ್ನೇ ಹಚ್ಚಿದರೆ ಸರಿಹೋಯಿತು, ಕ್ಷೇತ್ರದ ಹಂಗೇಕೆ ಎಂದು ಅವರು ಹೇಳಬಹುದಿತ್ತು. ತಲೆಗೂದಲಿಗೆ ಉಜ್ಜಿದ ಸ್ಕೇಲು ಕಾಗದದ ಚೂರನ್ನು ಎತ್ತುವುದಕ್ಕೂ ಇದೇ ವಿವರಣೆ. ಚೂರಿನಲ್ಲಿ ಒಟ್ಟು ಆವೇಶ ಸೊನ್ನೆ. ಆದರೆ ಸ್ಕೇಲಿಗೆ ಎದುರಾದ ಅಂಚಿನಲ್ಲಿ ವಿರುದ್ಧ ಆವೇಶ ತುಸು ಹೆಚ್ಚುತ್ತದೆ, ಆಚೆಯ ಅಂಚಿನಲ್ಲಿ ಸಜಾತಿ ಆವೇಶ ಉಳಿಯುತ್ತದೆ. ಹತ್ತಿರದ ಸೆಳೆತ ದೂರದ ತಳ್ಳಾಟಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು, ಚೂರು ಮೇಲೆದ್ದಿತು. ಕ್ಷೇತ್ರದ ಭಾಷೆಯಲ್ಲಿ, ಸ್ಕೇಲಿನ ಕ್ಷೇತ್ರ ಎಲ್ಲೆಡೆ ಒಂದೇ ಸಮ ಇಲ್ಲದಿರುವುದೇ ಚೂರು ಏಳಲು ಕಾರಣ ಎನ್ನಬಹುದು. ಎರಡೂ ಮಾತಿಗೆ ಉತ್ತರ ಒಂದೇ.

ಶಕ್ತಿಯ ಲೆಕ್ಕದಲ್ಲೂ ಹೀಗೇ. ಆವೇಶಗಳನ್ನು ದೂರದಿಂದ ತಂದು ಜೋಡಿಸಲು ಪಟ್ಟ ಶ್ರಮವನ್ನು ಜೋಡಿ ಜೋಡಿಯಾಗಿ ಕೂಡಿಸಬಹುದು. ಇಲ್ಲವೇ ಇಡೀ ಅವಕಾಶದಲ್ಲಿ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಶಕ್ತಿ ಹರಡಿದೆ ಎಂದು ಕೂಡಿಸಬಹುದು. ಲೋಹದ ಗೋಳಗಳ ಮೇಲೆ ಹರಡಿ ಕೂತ ಆವೇಶಗಳಿಗೆ ಎರಡೂ ಮೊತ್ತ ಒಂದೇ. ಶಕ್ತಿ ಇರುವುದು ಎಲ್ಲಿ ಎಂಬ ಪ್ರಶ್ನೆಗೆ ಸ್ಥಾಯಿ ವಿದ್ಯುತ್ತಿನೊಳಗೆ ಉತ್ತರವಿಲ್ಲ.

ಈಗ ಒಂದು ಆವೇಶವನ್ನು ಕದಲಿಸೋಣ. ಎರಡು ಆವೇಶಗಳು ಒಂದರಿಂದ ಇನ್ನೊಂದು ಸುಮಾರು ಮೂರು ಲಕ್ಷ ಕಿಲೋಮೀಟರ್ ದೂರದಲ್ಲಿವೆ ಎಂದಿಟ್ಟುಕೊಳ್ಳಿ, ಬೆಳಕಿಗೆ ಅದು ಒಂದು ಸೆಕೆಂಡಿನ ದಾರಿ. ಮೊದಲನೆಯದನ್ನು ಎರಡನೆಯದರ ಕಡೆಗೆ ತಟ್ಟನೆ ಸರಿಸುತ್ತೇನೆ. ಅದರ ಮೇಲಿನ ಬಲ ಆ ಕ್ಷಣವೇ ಬದಲಾಗುತ್ತದೆ, ಏಕೆಂದರೆ ಅದು ಹೊಸ ಜಾಗಕ್ಕೆ ಬಂದಿದೆ. ಎರಡನೆಯದಕ್ಕೆ ಮಾತ್ರ ಸುದ್ದಿ ತಲುಪಿಲ್ಲ. ಇನ್ನೊಂದು ಸೆಕೆಂಡು ಅದರ ಮೇಲಿರುವುದು ಹಳೆಯ ಬಲವೇ. ಅಷ್ಟು ಹೊತ್ತು ಕ್ರಿಯೆಗೂ ಪ್ರತಿಕ್ರಿಯೆಗೂ ತಾಳೆಯಿಲ್ಲ, ಎರಡು ಆವೇಶಗಳ ಸಂವೇಗವನ್ನಷ್ಟೇ ಕೂಡಿಸಿದರೆ ಮೊತ್ತ ಏರುಪೇರಾಗುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಕಂಠಪಾಠ ಮಾಡಿಸಿದ ಮೇಲೆ ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ ಮಗ ಮನಿಯಾರ್ಡರ್ ಕಟ್ಟಿದ್ದಾನೆ, ಊರಿನಲ್ಲಿ ತಾಯಿಯ ಕೈಗೆ ಇನ್ನೂ ಬಂದಿಲ್ಲ. ಇಬ್ಬರ ಲೆಕ್ಕದಲ್ಲೂ ಇಲ್ಲದ ಆ ಹಣ ಅಷ್ಟು ದಿನ ಅಂಚೆ ಇಲಾಖೆಯ ಖಾತೆಯಲ್ಲಿರುತ್ತದೆ, ಇರಲೇಬೇಕು. ಹಾಗೆಯೇ ಕಾಣೆಯಾದ ಸಂವೇಗ ಕ್ಷೇತ್ರದಲ್ಲಿದೆ ಎಂದು ಒಪ್ಪಿದರೆ ಲೆಕ್ಕ ಪೈಸೆಗೆ ಪೈಸೆ ಕೂಡುತ್ತದೆ.

ಇದು ಬರೀ ಜಮಾಖರ್ಚಿನ ಚಾತುರ್ಯವೆಂದು ಇನ್ನೂ ಅನ್ನಿಸಬಹುದು. ಆದರೆ 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮ್ಯಾಕ್ಸ್‌ವೆಲ್, ವಿದ್ಯುತ್ತು ಮತ್ತು ಕಾಂತದ ಅಳತೆಗಳಿಂದಷ್ಟೇ ಈ ‘ಸುದ್ದಿ’ಯ ವೇಗವನ್ನು ಲೆಕ್ಕ ಹಾಕಿದಾಗ ಅದು ಬೆಳಕಿನ ವೇಗಕ್ಕೆ ಹೊಂದಿತು. 1887–88ರಲ್ಲಿ ಹರ್ಟ್ಜ್ ಕಾರ್ಲ್ಸ್‌ರೂಹೆಯ ಪ್ರಯೋಗಾಲಯದಲ್ಲಿ ಕಿಡಿಯಿಂದ ಅಲೆ ಎಬ್ಬಿಸಿ ಕೋಣೆಯ ಇನ್ನೊಂದು ಬದಿಯಲ್ಲಿ ಹಿಡಿದ. ಸಂವೇಗವೂ ಕೈಗೆ ಸಿಕ್ಕಿತು. ಬೆಳಕು ಬಿದ್ದ ವಸ್ತುವನ್ನು ತಳ್ಳುತ್ತದೆ ಎಂಬುದನ್ನು ಮಾಸ್ಕೋದಲ್ಲಿ ಲೆಬೆದೆವ್ ಅಳೆದು 1901ರಲ್ಲಿ ಪ್ರಕಟಿಸಿದ. 2010ರಲ್ಲಿ ಜಪಾನಿನ ಇಕಾರೋಸ್ ನೌಕೆ ತೆಳು ಹಾಳೆಯ ಹಾಯಿ ಬಿಚ್ಚಿ ಸೂರ್ಯನ ಬೆಳಕಿನ ನೂಕಿಗೇ ವೇಗ ಬದಲಿಸಿಕೊಂಡಿತು. ನೂಕಬಲ್ಲದ್ದನ್ನು, ಹೊರಟ ಮೂಲ ನಂದಿಹೋದ ಮೇಲೂ ಪ್ರಯಾಣ ಮುಂದುವರಿಸುವುದನ್ನು ಬರೀ ಲೆಕ್ಕದ ಅನುಕೂಲ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಹಾಗೆಂದು ಎದುರುವಾದ ಸತ್ತಿಲ್ಲ. ಬಿಂದುವಿನಂಥ ಆವೇಶದ ಹತ್ತಿರ ಹತ್ತಿರ ಹೋದಂತೆ ಕ್ಷೇತ್ರ ಮಿತಿಯಿಲ್ಲದೆ ಏರುತ್ತದೆ, ಅದರಲ್ಲಿ ತುಂಬಿದ ಶಕ್ತಿಯ ಮೊತ್ತ ಅನಂತವಾಗುತ್ತದೆ. ಕ್ಷೇತ್ರ ನಿಜ ಎಂದವರು ತಲೆಯ ಮೇಲೆ ಹೊತ್ತುಕೊಂಡ ಹೊರೆ ಇದು. ಇದರಿಂದ ಪಾರಾಗಲು ವೀಲರ್ ಮತ್ತು ಫೈನ್‌ಮನ್ 1940ರ ದಶಕದಲ್ಲಿ ಕ್ಷೇತ್ರವನ್ನೇ ಕೈಬಿಟ್ಟು, ಆವೇಶ ಆವೇಶಗಳ ನಡುವೆ ನೇರ ವ್ಯವಹಾರ ಹೂಡಿದರು. ಲೆಕ್ಕ ಕೂಡಿತು. ಬೆಲೆ ಮಾತ್ರ ಜೋರು: ಆವೇಶದ ಪ್ರಭಾವ ಕಾಲದಲ್ಲಿ ಅರ್ಧ ಮುಂದಕ್ಕೂ ಅರ್ಧ ಹಿಂದಕ್ಕೂ ಹೋಗಬೇಕು, ದೂರದಲ್ಲಿ ಅದನ್ನು ಹೀರಿಕೊಳ್ಳುವ ವಸ್ತು ಇದ್ದೇ ಇರಬೇಕು. ತನ್ನನ್ನು ಮರುಳು ಮಾಡಿದ್ದ ಈ ವಿಚಾರದ ಕಥೆಯನ್ನು ಫೈನ್‌ಮನ್ 1965ರ ನೊಬೆಲ್ ಉಪನ್ಯಾಸದಲ್ಲಿ ಹೇಳಿದ್ದಾನೆ. ನಾಳೆ ಬರುವ ಪ್ರಭಾವವನ್ನು ನಂಬುವುದಕ್ಕಿಂತ ಕ್ಷೇತ್ರವನ್ನು ನಂಬುವುದು ನನಗೆ ಸುಲಭ.

ಕ್ಷೇತ್ರ ನಿಜವೆಂದ ಮಾತ್ರಕ್ಕೆ ಪುಸ್ತಕದಲ್ಲಿ ಬಿಡಿಸಿದ ಬಲರೇಖೆಗಳೂ ನಿಜವಾಗುವುದಿಲ್ಲ. ಎಷ್ಟು ಗೆರೆ ಎಳೆಯಬೇಕೆಂಬುದು ಬಿಡಿಸುವವನ ಇಷ್ಟ, ಎರಡು ಗೆರೆಗಳ ನಡುವಿನ ಬಿಳಿ ಜಾಗದಲ್ಲೂ ಕ್ಷೇತ್ರವಿದೆ. ಪರೀಕ್ಷಾ ಆವೇಶವನ್ನು ಸೊನ್ನೆಯ ಹತ್ತಿರಕ್ಕೆ ಒಯ್ಯಬೇಕು ಎಂಬ ವ್ಯಾಖ್ಯೆಯನ್ನೂ ಅಕ್ಷರಶಃ ಹಿಡಿಯಬಾರದು. ಬಿಡಿಯಾಗಿ ಸಿಗುವ ಆವೇಶ ಎಲೆಕ್ಟ್ರಾನಿನದಕ್ಕಿಂತ ಚಿಕ್ಕದಾಗದು ಎಂದು ಅದೇ ಅಧ್ಯಾಯ ಹೇಳಿರುತ್ತದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಬೇಕು.

ಒಂದೊಂದು ಕೂಲಂಬಿನ ಎರಡು ಆವೇಶ ಒಂದು ಮೀಟರ್ ದೂರದಲ್ಲಿದ್ದರೆ ಬಲವೆಷ್ಟು ಎಂದು ಪ್ರತಿ ವರ್ಷ ಕೇಳುತ್ತೇವೆ. ಮಕ್ಕಳು ಒಂಬತ್ತರ ಮುಂದೆ ಒಂಬತ್ತು ಸೊನ್ನೆ ಬರೆದು ನ್ಯೂಟನ್ ಎನ್ನುತ್ತಾರೆ. ಒಂಬತ್ತು ಲಕ್ಷ ಟನ್ನಿನ ತೂಕಕ್ಕೆ ಸಮನಾದ ಆ ಬಲವನ್ನು ತಡೆದು ನಿಲ್ಲಿಸುವುದು ಹೇಗೆಂದು ಯಾರೂ ಕೇಳುವುದಿಲ್ಲ. ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಬಹುದು: ಒಂದನ್ನು ಈಗ ಅಲುಗಿಸಿದರೆ ಇನ್ನೊಂದಕ್ಕೆ ಯಾವಾಗ ಗೊತ್ತಾಗುತ್ತದೆ, ಅಲ್ಲಿಯವರೆಗೆ ಸಂವೇಗ ಎಲ್ಲಿತ್ತು? ಮೀಟರಿಗೆ ಒಂದು ಸೆಕೆಂಡಿನ ಮೂವತ್ತು ಕೋಟಿಯ ಒಂದು ಭಾಗ ಎಂದು ಮೊದಲರ್ಧಕ್ಕೆ ಉತ್ತರ ಬಂದೀತು. ಉಳಿದರ್ಧಕ್ಕೆ ತರಗತಿಯಲ್ಲಿ ಜಗಳವಾದರೆ ಆಗಲಿ.