ನೌಕರಿಯು ಕೊಳ್ಳುವ ವಸ್ತುವಲ್ಲ

ಪರೀಕ್ಷಾ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ಇಗರ್ಜಿಯ ಕಚೇರಿಗೆ ಬರುವವರ ಸಂಖ್ಯೆ ಹೆಚ್ಚುತ್ತದೆ. ಪ್ರಮಾಣಪತ್ರ ಬೇಕೆನ್ನುವವರು ಕೆಲವರಾದರೆ, ಮಗನಿಗೋ ಮಗಳಿಗೋ ಒಂದು ಶಿಫಾರಸು ಪತ್ರ ಬೇಕೆನ್ನುವವರು ಹಲವರು. ಕಳೆದ ತಿಂಗಳು ಬಂದ ತಾಯಿಯೊಬ್ಬರು ಕೇಳಿದ್ದು ಇವೆರಡನ್ನೂ ಅಲ್ಲ. ಮಗ ಡಿಪ್ಲೊಮಾ ಮುಗಿಸಿ ಎರಡು ವರ್ಷಗಳಾಗಿವೆ. ಕೊಲ್ಲಿ ರಾಷ್ಟ್ರವೊಂದರಲ್ಲಿ ಕೆಲಸ ಕೊಡಿಸುವುದಾಗಿ ಪರಿಚಿತನೊಬ್ಬ ಮಾತು ಕೊಟ್ಟಿದ್ದಾನೆ. ಅದಕ್ಕೆ ಒಂದೂವರೆ ಲಕ್ಷ ರೂಪಾಯಿ ಬೇಕು. ಕೈಬಳೆಗಳನ್ನು ಅಡವಿಟ್ಟರೂ ಸಾಲದು. "ಫಾದರ್, ಸೊಸೈಟಿಯ ಸಾಲಕ್ಕೆ ತಾವೊಂದು ಮಾತು ಹೇಳಿದರೆ ಸಾಕು" ಎಂದು ಆಕೆ ಬೇಡಿಕೊಂಡರು. ಕೆಲಸ ಯಾವುದು, ಸಂಬಳವೆಷ್ಟು, ಕರೆಸಿಕೊಳ್ಳುವ ಕಂಪೆನಿಯ ಹೆಸರೇನು ಎಂದು ನಾವು ವಿಚಾರಿಸಿದೆವು. ತಾಯಿಗೂ ತಿಳಿದಿರಲಿಲ್ಲ, ಪಕ್ಕದಲ್ಲಿ ತಲೆತಗ್ಗಿಸಿ ಕುಳಿತಿದ್ದ ಮಗನಿಗೂ ತಿಳಿದಿರಲಿಲ್ಲ. ಕೊಡಬೇಕಾದ ಹಣವೆಷ್ಟು ಎಂಬುದು ಮಾತ್ರ ಇಬ್ಬರಿಗೂ ಚೆನ್ನಾಗಿ ತಿಳಿದಿತ್ತು.

ದುಡಿಮೆಗಾಗಿ ಊರು ಬಿಡುವುದು ಕರಾವಳಿಯ ಜನರಿಗೆ ಹೊಸದೇನಲ್ಲ. ನಮ್ಮ ಹಿರಿಯರು ಮುಂಬಯಿಯ ಕಚೇರಿಗಳಿಗೂ ಹೋಟೆಲುಗಳಿಗೂ ಹೋದರು. 1970ರ ದಶಕದಿಂದೀಚೆಗೆ ಅವರ ಮಕ್ಕಳು ಕೊಲ್ಲಿ ರಾಷ್ಟ್ರಗಳತ್ತ ಮುಖಮಾಡಿದರು. ಅವರು ಕಳುಹಿಸಿದ ಹಣದಿಂದ ಹಂಚಿನ ಮನೆಗಳು ತಾರಸಿಯ ಮನೆಗಳಾದವು, ತಂಗಿಯರ ಮದುವೆಗಳು ನಡೆದವು, ತಮ್ಮಂದಿರು ಕಾಲೇಜು ಕಂಡರು. ಆದುದರಿಂದ ಹೊರನಾಡಿಗೆ ಹೋಗುವುದನ್ನೇ ಆಕ್ಷೇಪಿಸುವವರು ನಾವಲ್ಲ. ನಮ್ಮ ಆತಂಕಕ್ಕೆ ಕಾರಣ ಬೇರೆ. ನೌಕರಿಯೆಂದರೆ ಹಣ ತೆತ್ತು ಕೊಂಡುಕೊಳ್ಳಬಹುದಾದ ಒಂದು ವಸ್ತು ಎಂಬ ಭಾವನೆಯು, ಕೊಡುವವರಲ್ಲಿ ಮಾತ್ರವಲ್ಲ, ಬೇಡುವವರಲ್ಲಿಯೂ ಬೇರೂರುತ್ತಿದೆ.

ಮನುಷ್ಯನನ್ನು ಬರಿಯ ಸಾಧನವೆಂದು ಎಣಿಸಲಾಗದು, ಅವನು ತಾನೇ ಒಂದು ಗುರಿ ಎಂದು ಜರ್ಮನಿಯ ತತ್ತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ 1785ರಷ್ಟು ಹಿಂದೆಯೇ ವಾದಿಸಿದರು. ಪೋಪ್ ಎರಡನೆಯ ಜಾನ್ ಪಾಲ್ ಅವರು 1981ರಲ್ಲಿ ಹೊರಡಿಸಿದ 'ಲಾಬೊರೆಮ್ ಎಕ್ಸರ್ಸೆನ್ಸ್' ಎಂಬ ಪರಿಪತ್ರದಲ್ಲಿ, ದುಡಿಮೆಯ ಘನತೆಯು ಕೆಲಸದ ಬಗೆಯಿಂದಲ್ಲ, ಅದನ್ನು ಮಾಡುವವನು ಮನುಷ್ಯನಾಗಿರುವುದರಿಂದ ಬರುತ್ತದೆಂದು ವಿವರಿಸಿದರು. ಇವು ಗ್ರಂಥಗಳಲ್ಲಿ ಉಳಿಯಬೇಕಾದ ಮಾತುಗಳಲ್ಲ. ಸಾಲ ಮಾಡಿ ನೌಕರಿ ಕೊಂಡವನ ಸ್ಥಿತಿಯನ್ನು ಯೋಚಿಸಿ ನೋಡಿರಿ. ಹೇಳಿದ ಸಂಬಳ ಸಿಗದಿದ್ದರೆ, ಹೇಳಿದ ಕೆಲಸವೇ ಬೇರೆಯಾದರೆ, ಪಾಸ್‌ಪೋರ್ಟನ್ನು ಯಜಮಾನ ಕಸಿದಿಟ್ಟುಕೊಂಡರೆ, ಅವನು 'ಒಲ್ಲೆ' ಎನ್ನಲಾರ. ಊರಿನಲ್ಲಿ ಬಡ್ಡಿ ಬೆಳೆಯುತ್ತಿರುತ್ತದೆ. ಹಣ ತೆತ್ತು ಅವನು ಪಡೆದುದು ಕೆಲಸವನ್ನು. ಅದರೊಂದಿಗೆ ಕಳೆದುಕೊಂಡುದು 'ಒಲ್ಲೆ' ಎನ್ನುವ ಸ್ವಾತಂತ್ರ್ಯವನ್ನು. ದುಡಿಯುವವನಿಗೂ ಜೀತದವನಿಗೂ ಇರುವ ಅಂತರ ಆ ಒಂದು ಪದದಲ್ಲಿ ಅಡಗಿದೆ.

ಕೆಲಸ ಅರಸುತ್ತಿರುವ ತರುಣ ತರುಣಿಯರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1983ರ ವಲಸೆ ಕಾಯಿದೆಯ ಪ್ರಕಾರ, ಸರಕಾರದಲ್ಲಿ ನೋಂದಾಯಿತನಾಗದ ಯಾವನೂ ವಿದೇಶದ ಉದ್ಯೋಗಕ್ಕೆ ಜನರನ್ನು ನೇಮಿಸುವಂತಿಲ್ಲ. ನೋಂದಾಯಿತ ಏಜೆಂಟರ ಪಟ್ಟಿಯನ್ನು ಕೇಂದ್ರ ಸರಕಾರದ 'ಇ-ಮೈಗ್ರೇಟ್' ಜಾಲತಾಣದಲ್ಲಿ ಯಾರೂ ನೋಡಬಹುದು. ಅಂಥ ಏಜೆಂಟನು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೂ ಮಿತಿಯಿದೆ: 30,000 ರೂಪಾಯಿ ಹಾಗೂ ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡುವುದು ಅವನ ಕರ್ತವ್ಯ. ಸಂದರ್ಶಕ ವೀಸಾದಲ್ಲಿ ಹೋದವನಿಗೆ ಅಲ್ಲಿ ದುಡಿಯುವ ಹಕ್ಕಿಲ್ಲ. 'ಮೊದಲು ಹೋಗು, ಆಮೇಲೆ ಬದಲಾಯಿಸೋಣ' ಎಂಬ ಭರವಸೆಯನ್ನು ನಂಬಿ ಹೊರಡುವುದು ಅವಿವೇಕ.

ಇಲ್ಲಿ ಕಲಿತವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ, ಸಾಮಾನ್ಯವಾಗಿ ಹತ್ತನೆಯ ತರಗತಿ ತೇರ್ಗಡೆಯಾಗದವರು ಸರಕಾರದ ವಲಸೆ ಅನುಮತಿ ಪಡೆಯಬೇಕು. ಅವರ ಕರಾರುಪತ್ರವನ್ನು ಅಧಿಕಾರಿಯೊಬ್ಬರು ನೋಡುತ್ತಾರೆ. ದಾದಿಯರು ಎಷ್ಟೇ ಕಲಿತಿದ್ದರೂ ಅವರಿಗೂ 2015ರಿಂದ ಈ ಅನುಮತಿ ಕಡ್ಡಾಯವಾಯಿತು. ಉಳಿದ ವಿದ್ಯಾವಂತರನ್ನು ತಡೆದು ಕೇಳುವವರಿಲ್ಲ. ಅವರು ತಮಗೆ ತಾವೇ ಅಧಿಕಾರಿಗಳಾಗಬೇಕು. ಆದರೆ ಮೋಸಹೋದವರಲ್ಲಿ ಕಲಿತವರು ಕಡಿಮೆಯೇನಿಲ್ಲ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವಿದೆಯೆಂದು ಕರೆಸಿ, ಮ್ಯಾನ್ಮಾರಿನ ಗಡಿಪ್ರದೇಶದಲ್ಲಿ ಕೂಡಿಹಾಕಿ, ಅಂತರ್ಜಾಲದ ವಂಚನೆಗೆ ಬಳಸಿಕೊಳ್ಳುತ್ತಿರುವರೆಂದು ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಸಿತ್ತು. ಅಲ್ಲಿಂದ ಬಿಡುಗಡೆಗೊಂಡ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ಯಾರೂ ವಂಚಕರಾಗಲು ಮನೆ ಬಿಟ್ಟವರಲ್ಲವೆಂದೇ ನಮ್ಮ ನಂಬಿಕೆ.

ಸತ್ಯವನ್ನು ಎದುರಿನವರಿಂದ ನಿರೀಕ್ಷಿಸುವವನು ತಾನೂ ಸತ್ಯವನ್ನೇ ಹೇಳಬೇಕು. ಮಾಡದ ಕೆಲಸಕ್ಕೆ ಅನುಭವ ಪತ್ರ ಸೃಷ್ಟಿಸುವುದು, ತಿಳಿಯದ ವಿದ್ಯೆಯನ್ನು ಅರ್ಜಿಯಲ್ಲಿ ಬರೆಯುವುದು ಇಂದು ಜಾಣತನವೆನಿಸಿಕೊಂಡಿದೆ. ಸುಳ್ಳಿನಿಂದ ದೊರೆತ ಸ್ಥಾನವನ್ನು ದಿನವೂ ಸುಳ್ಳಿನಿಂದಲೇ ಕಾಯಬೇಕಾಗುತ್ತದೆ. 'ಇಷ್ಟು ಬಲ್ಲೆ, ಇದನ್ನು ಕಲಿಯಬಲ್ಲೆ' ಎಂದು ಹೇಳುವವನಿಗೆ ಕೆಲಸ ತಡವಾಗಿ ದೊರೆತೀತು. ಆದರೆ ಅವನು ನಿದ್ದೆಗೆಡುವುದಿಲ್ಲ.

ಇನ್ನು ಕೆಲಸ ಕೊಡುವವರಿಗೆ ಎರಡು ಮಾತು. ಹೊರನಾಡಿನ ಏಜೆಂಟರನ್ನು ದೂರುವ ನಾವು ನಮ್ಮ ಅಂಗಡಿ, ಆಸ್ಪತ್ರೆ, ಶಾಲೆ, ಕಾರ್ಖಾನೆಗಳ ಬಾಗಿಲಲ್ಲಿ ಏನು ನಡೆಯುತ್ತಿದೆಯೆಂದು ನೋಡುವುದುಂಟೆ? ಜಾಹೀರಾತಿನಲ್ಲಿ ಅರ್ಹತೆಗಳ ಉದ್ದನೆಯ ಪಟ್ಟಿ ಇರುತ್ತದೆ, ಸಂಬಳದ ಉಲ್ಲೇಖವಿರುವುದಿಲ್ಲ. ಬಸ್ಸಿನ ಖರ್ಚಿಗೆ ಸಾಲ ಮಾಡಿ ಸಂದರ್ಶನಕ್ಕೆ ಬಂದವನು ಸಂಜೆಯವರೆಗೆ ಬೆಂಚಿನ ಮೇಲೆ ಕಾಯುತ್ತಾನೆ. 'ತಿಳಿಸುತ್ತೇವೆ' ಎಂದವರು ತಿಂಗಳುಗಳಾದರೂ ತಿಳಿಸುವುದಿಲ್ಲ. 'ನಿಮ್ಮನ್ನು ಆರಿಸಲಾಗಿಲ್ಲ' ಎಂಬ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ಆ ಸಾಲು ಬಾರದ ಕಾರಣ ಬೇರೆ ಅವಕಾಶವನ್ನು ಕೈಬಿಟ್ಟವರನ್ನು ನಾವು ಬಲ್ಲೆವು. ಕೆಲಸಕ್ಕೆ ಸೇರಿದವರ ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯೂ ಅಲ್ಲಲ್ಲಿ ಉಳಿದಿದೆ. ಪರದೇಶದಲ್ಲಿ ಪಾಸ್‌ಪೋರ್ಟ್ ಕಸಿದುಕೊಳ್ಳುವುದು ಅನ್ಯಾಯವಾದರೆ, ಊರಿನಲ್ಲಿ ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವುದು ನ್ಯಾಯವಾಗುವುದು ಹೇಗೆ?

ನೇಮಕಾತಿಯ ಖರ್ಚನ್ನು ಹೊರಬೇಕಾದವರು ಯಾರು ಎಂಬ ಪ್ರಶ್ನೆಗೂ ಉತ್ತರ ಹಳೆಯದೇ. ಉದ್ಯೋಗ ಸಂಸ್ಥೆಗಳು ಕಾರ್ಮಿಕರಿಂದ ಶುಲ್ಕ ಪಡೆಯಬಾರದೆಂಬ ತತ್ತ್ವವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1997ರ ತನ್ನ 181ನೆಯ ಒಡಂಬಡಿಕೆಯಲ್ಲಿ ಅಂಗೀಕರಿಸಿತು. ನಮ್ಮ ಕಾನೂನು ಶುಲ್ಕಕ್ಕೆ ಮಿತಿಯನ್ನು ಹಾಕಿದೆಯೇ ಹೊರತು ಅದನ್ನು ತೆಗೆದುಹಾಕಿಲ್ಲ. ಆದರೆ ಕಾನೂನು ಅನುಮತಿಸಿದ್ದೆಲ್ಲವೂ ನೀತಿಯಾಗಬೇಕೆಂದಿಲ್ಲ. ಆಳು ಬೇಕಾದವನೇ ಆಳನ್ನು ಹುಡುಕುವ ವೆಚ್ಚ ಭರಿಸುವುದು ನ್ಯಾಯ.

ಇಷ್ಟೆಲ್ಲ ಬರೆಯುವಾಗ ನಮ್ಮ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಬಹಳ ವರ್ಷಗಳ ಹಿಂದೆ, ಹಿತೈಷಿಗಳೊಬ್ಬರ ಒತ್ತಾಯಕ್ಕೆ ಮಣಿದು, ಸರಿಯಾಗಿ ಪರಿಚಯವೇ ಇಲ್ಲದ ಯುವಕನೊಬ್ಬನಿಗೆ 'ಪ್ರಾಮಾಣಿಕ, ಕೆಲಸದಲ್ಲಿ ನಿಪುಣ' ಎಂದು ಪತ್ರ ಬರೆದುಕೊಟ್ಟೆವು. ಪತ್ರದ ಬಲದಿಂದ ಅವನಿಗೆ ಲೆಕ್ಕಪತ್ರದ ಕೆಲಸ ದೊರೆಯಿತು. ಅವನಿಗೆ ಲೆಕ್ಕ ತಿಳಿದಿರಲಿಲ್ಲ. ಆರು ತಿಂಗಳಲ್ಲಿ ಅವಮಾನಿತನಾಗಿ ಹೊರಬಂದ. ಆ ಸ್ಥಾನಕ್ಕೆ ಸಂದರ್ಶನದಲ್ಲಿ ಮೊದಲಿಗಳಾಗಿ ನಿಂತಿದ್ದ ಬಡ ಹುಡುಗಿಯೊಬ್ಬಳಿದ್ದಳೆಂದೂ, ಅವಳಿಗಾಗಿ ಬರೆಯುವವರು ಯಾರೂ ಇರಲಿಲ್ಲವೆಂದೂ ನಮಗೆ ಆಮೇಲೆ ತಿಳಿಯಿತು. ಹಣ ಪಡೆಯದಿದ್ದ ಮಾತ್ರಕ್ಕೆ ನಾವು ಆ ಏಜೆಂಟನಿಗಿಂತ ಮೇಲಿನವರಾದೆವೇ? ಪ್ರಭಾವವೂ ಒಂದು ಬಗೆಯ ನಾಣ್ಯವೇ. ಅಂದಿನಿಂದ ನಾವು ಕಣ್ಣಾರೆ ಕಂಡುದನ್ನಷ್ಟೇ ಬರೆಯುತ್ತೇವೆ. ಇದರಿಂದ ಬೇಸರಗೊಂಡವರಿದ್ದಾರೆ.

ಆ ತಾಯಿಗೆ ನಾವು ಸಾಲದ ಮಾತು ಹೇಳಿಕೊಡಲಿಲ್ಲ. ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಟ್ಟೆವು: ನೋಂದಣಿ ಸಂಖ್ಯೆ ಯಾವುದು? ಕೆಲಸ, ಸಂಬಳ, ಅವಧಿಗಳನ್ನು ಬರೆದ ಕರಾರು ಎಲ್ಲಿದೆ? ಹಣಕ್ಕೆ ರಸೀದಿ ಕೊಡುವಿರಾ? ವಾರದ ನಂತರ ಮಗ ಒಬ್ಬನೇ ಬಂದ. ಪರಿಚಿತನು ಸಿಟ್ಟಾಗಿ, 'ನಂಬಿಕೆಯಿಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಿ' ಎಂದನಂತೆ.

ಬಳೆಗಳು ತಾಯಿಯ ಕೈಯಲ್ಲಿಯೇ ಇವೆ. ಮಗನಿಗೆ ಇನ್ನೂ ಕೆಲಸ ದೊರೆತಿಲ್ಲ. ಬೇಡವೆಂದು ಬುದ್ಧಿ ಹೇಳುವುದು ಸುಲಭ. ಹಾಗೆ ಹೇಳಿದ ಮೇಲೆ ಬೇರೆ ದಾರಿ ತೋರಿಸುವ ಹೊಣೆಯೂ ನಮ್ಮ ಮೇಲಿದೆ. ಈ ಅಂಕಣದ ಓದುಗರಲ್ಲಿ ಉದ್ದಿಮೆದಾರರಿದ್ದಾರೆ, ಗ್ಯಾರೇಜು, ವರ್ಕ್‌ಶಾಪುಗಳ ಮಾಲೀಕರಿದ್ದಾರೆ. ನಿಮ್ಮ ಊರಿನಲ್ಲಿಯೂ ಇಂಥ ಹುಡುಗನಿದ್ದಾನೆ. ಅವನು ಬಾಗಿಲಿಗೆ ಬಂದಾಗ ಯಾರ ಕಡೆಯವನೆಂದು ಕೇಳದಿರಿ. ಏನು ಬಲ್ಲೆಯೆಂದು ಕೇಳಿ, ಕೈಗೆ ಉಪಕರಣ ಕೊಟ್ಟು ನೋಡಿರಿ. ಸಂಬಳವೆಷ್ಟೆಂದು ಮೊದಲೇ ಹೇಳಿರಿ. ಬೇಡವಾದರೆ ಬೇಡವೆಂದು ಅಂದೇ ತಿಳಿಸಿರಿ.